ಪ್ರೊಸೆಸರಿಗೆ ಗಾಳಿಯ ಕೂಲರೋ ನೀರಿನ ಕೂಲರೋ: ಕಾಸರಗೋಡಿನ ಸೆಕೆಯಲ್ಲಿ ಆರಿಸುವ ಬಗೆ

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಹೊಸದಾಗಿ ಡೆಸ್ಕ್‌ಟಾಪ್ ಜೋಡಿಸುವವರಿಗೆ ಪ್ರೊಸೆಸರಿನ ಶಾಖ ತೆಗೆಯುವ ಕೂಲರಿನ ಪ್ರಶ್ನೆ ಸಾಮಾನ್ಯವಾಗಿ ಕೊನೆಗೆ ಎದುರಾಗುತ್ತದೆ. ಅಷ್ಟು ಹೊತ್ತಿಗೆ ಪ್ರೊಸೆಸರೂ ಕ್ಯಾಬಿನೆಟ್ಟೂ ನಿಶ್ಚಯವಾಗಿರುತ್ತವೆ. ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು, ಏಕೆಂದರೆ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತದೆ, ಕ್ಯಾಬಿನೆಟ್ಟಿನ ಒಳಗೆ ಎಷ್ಟು ಜಾಗವಿದೆ ಎಂಬುದರ ಜೊತೆಗೆ ಕಂಪ್ಯೂಟರ್ ಇಡುವ ಕೋಣೆ ಎಂಥದ್ದು ಎಂಬುದೂ ಉತ್ತರವನ್ನು ಬದಲಿಸುತ್ತದೆ. ನಮ್ಮ ಕರಾವಳಿಯ ಹೆಚ್ಚಿನ ಮನೆಗಳಿಗೆ ಗಾಳಿಯ ಕೂಲರೇ ತಕ್ಕುದೆಂಬುದು ನನ್ನ ದೃಢವಾದ ಅಭಿಪ್ರಾಯ. ನೀರಿನದ್ದೇ ಬೇಕಾಗುವ ಸಂದರ್ಭಗಳನ್ನೂ ಮುಂದೆ ಹೇಳುತ್ತೇನೆ.

ಎರಡೂ ಬಗೆಯ ಕೂಲರುಗಳು ಕೊನೆಗೆ ಶಾಖವನ್ನು ಬಿಡುವುದು ಗಾಳಿಗೇ. ಗಾಳಿಯ ಕೂಲರಿನಲ್ಲಿ ತಾಮ್ರದ ಹೀಟ್‌ಪೈಪುಗಳು ಶಾಖವನ್ನು ಅಲ್ಯೂಮಿನಿಯಂ ತಗಡುಗಳಿಗೆ ಒಯ್ಯುತ್ತವೆ, ಫ್ಯಾನ್ ಅದನ್ನು ಹೊರಗೆ ಊದುತ್ತದೆ. ನೀರಿನ ಕೂಲರಿನಲ್ಲಿ ಪಂಪು ದ್ರವವನ್ನು ಕೊಳವೆಗಳ ಮೂಲಕ ತೆಳು ತಗಡುಗಳಿರುವ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿಯೂ ಫ್ಯಾನುಗಳೇ ಶಾಖವನ್ನು ಹೊರಹಾಕುತ್ತವೆ. ಹೀಗಾಗಿ ಎರಡರಲ್ಲಿ ಯಾವುದೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ನಮ್ಮ ಆರ್ದ್ರ ಹವೆಯಲ್ಲಿ ನೀರಿನ ಕೂಲರಿನ ಕೊಳವೆಗಳ ಮೇಲೆ ನೀರು ಬೆವರಿ ಮದರ್‌ಬೋರ್ಡಿನ ಮೇಲೆ ತೊಟ್ಟಿಕ್ಕೀತೆಂದು ಹೆದರುವವರಿದ್ದಾರೆ. ಕೊಳವೆಗಳು ಕೋಣೆಗಿಂತ ಬೆಚ್ಚಗೇ ಇರುವುದರಿಂದ ಆ ಭಯಕ್ಕೆ ಆಧಾರವಿಲ್ಲ.

ಕೋಣೆಯ ಉಷ್ಣತೆಯನ್ನು ಮಾತ್ರ ಹಗುರವಾಗಿ ಕಾಣಬಾರದು. ಕೂಲರುಗಳ ಪರೀಕ್ಷೆಗಳು ಬಹುಮಟ್ಟಿಗೆ 20ರಿಂದ 25 ಡಿಗ್ರಿಯ ಕೋಣೆಗಳಲ್ಲಿ ನಡೆಯುತ್ತವೆ. ಅಲ್ಲಿ 22 ಡಿಗ್ರಿಯ ಕೋಣೆಯಲ್ಲಿ 67 ಡಿಗ್ರಿ ತೋರಿಸಿದ ಪ್ರೊಸೆಸರ್, ಅದೇ ಕೂಲರ್ ಮತ್ತು ಅದೇ ಕೆಲಸದೊಂದಿಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ 34 ಡಿಗ್ರಿ ಇರುವ ನಮ್ಮ ತಾರಸಿ ಮನೆಯ ಮಹಡಿಯಲ್ಲಿ ಹೆಚ್ಚುಕಡಿಮೆ 79 ಡಿಗ್ರಿ ತೋರಿಸುತ್ತದೆ. ಆದ್ದರಿಂದ ವಿಮರ್ಶೆಗಳಲ್ಲಿ ಕಾಣುವ ಅಂಕಿಗೆ 10ರಿಂದ 12 ಡಿಗ್ರಿ ಕೂಡಿಸಿಯೇ ಲೆಕ್ಕ ಹಾಕಬೇಕು.

ಆಮೇಲೆ ವ್ಯಾಟ್ ನೋಡಬೇಕು. ಪೆಟ್ಟಿಗೆಯ ಮೇಲಿನ ಅಂಕಿಯನ್ನಷ್ಟೇ ನೋಡಿದರೆ ಸಾಲದು, ಪೂರ್ಣ ಹೊರೆಯಲ್ಲಿ ಎಷ್ಟು ಎಳೆಯುತ್ತದೆಂದು ತಿಳಿಯಬೇಕು. ರೈಜೆನ್ 5 7600 ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದಿದ್ದರೂ ಅದರ ಮಿತಿ 88 ವ್ಯಾಟ್; ಕೋರ್ ಐ5-12400ರ ಮೂಲ ಅಂಕಿಯೂ 65, ಗರಿಷ್ಠ 117. ಇಂಥವಕ್ಕೆ ನಾಲ್ಕು ಹೀಟ್‌ಪೈಪುಗಳ ಒಂಟಿ ಗೋಪುರದ (ತಗಡುಗಳ ಒಂದೇ ಕಟ್ಟು ಎತ್ತರಕ್ಕೆ ನಿಂತಿರುವ) ಕೂಲರ್ ಧಾರಾಳವಾಗಿ ಸಾಕು. ರೈಜೆನ್ 7 7800ಎಕ್ಸ್3ಡಿ ಆಟಗಳಲ್ಲಿ ಕಡಿಮೆ ವಿದ್ಯುತ್ತನ್ನೇ ಬಳಸುತ್ತದೆ, ಆದರೆ ಅದರ ಉಷ್ಣತೆಯ ಮಿತಿ 89 ಡಿಗ್ರಿಯಾದ್ದರಿಂದ ನಮ್ಮ ಸೆಕೆಗೆ ಎರಡು ಗೋಪುರದ್ದನ್ನು ಹಾಕಿದರೆ ನೆಮ್ಮದಿ. ಕೋರ್ ಐ9-14900ಕೆ 253 ವ್ಯಾಟಿನವರೆಗೂ, ರೈಜೆನ್ 9 7950ಎಕ್ಸ್ 230 ವ್ಯಾಟಿನವರೆಗೂ ಎಳೆಯುತ್ತವೆ. ಇಂಥ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವವರಿಗೆ 360 ಮಿ.ಮೀ. ರೇಡಿಯೇಟರಿನ ನೀರಿನ ಕೂಲರ್ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ. ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು ಇಳಿಸುವ ದಾರಿಯೂ ಇದೆ. ವೇಗ ತುಸು ಕುಗ್ಗಿದರೂ ಶಾಖ ಬಹಳ ಕಡಿಮೆಯಾಗುವುದರಿಂದ, ಎರಡು ಗೋಪುರದ ಗಾಳಿಯ ಕೂಲರಿನಲ್ಲೇ ಕೆಲಸ ಸಾಗೀತು.

ನೀರಿನ ಕೂಲರನ್ನು ಪರೀಕ್ಷಿಸುವಾಗ ಒಂದು ವಿಷಯ ನೆನಪಿರಲಿ. ಬಚ್ಚಲ ಹಂಡೆಯ ನೀರು ಬಿಸಿಯಾಗಲು ಹೊತ್ತು ಹಿಡಿಯುವಂತೆ ಇದರೊಳಗಿನ ದ್ರವವೂ ನಿಧಾನವಾಗಿ ಕಾಯುತ್ತದೆ. ಮೊದಲ ಐದು ನಿಮಿಷದ ಅಂಕಿಯನ್ನು ನಂಬದೆ ಅರ್ಧ ಗಂಟೆಯಾದರೂ ಹೊರೆ ಕೊಟ್ಟು ನೋಡಬೇಕು.

ಗಾಳಿಯ ಕೂಲರಿನ ಪರವಾಗಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ನಿರ್ವಹಣೆ. ನಮ್ಮಲ್ಲಿ ಬೇಸಿಗೆ ಮುಗಿಯುವವರೆಗೂ ಕೆಮ್ಮಣ್ಣಿನ ಧೂಳು ಏಳುತ್ತದೆ. ಅಂಗಳದಲ್ಲಿ ಅಡಿಕೆ ಒಣಗಿಸಿ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ನವಿರಾದ ನಾರೂ ಗಾಳಿಯಲ್ಲಿ ಸೇರಿಕೊಳ್ಳುತ್ತದೆ. ರೇಡಿಯೇಟರಿನ ತಗಡುಗಳು ಬಹಳ ಒತ್ತೊತ್ತಾಗಿರುವುದರಿಂದ ಈ ನಾರು ಫ್ಯಾನಿಗೂ ತಗಡುಗಳಿಗೂ ನಡುವೆ ಸಿಕ್ಕಿಕೊಂಡು, ಅದರ ಮೇಲೆ ಕೆಂಪು ಧೂಳು ಕೂತು, ದಪ್ಪ ಪದರವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಪ್ರತಿ ಫ್ಯಾನಿನ ನಾಲ್ಕು ಸ್ಕ್ರೂಗಳನ್ನೂ ಬಿಚ್ಚಿ ತೆಗೆದರೆ ಮಾತ್ರ ಅದು ಸಿಗುತ್ತದೆ. ಗಾಳಿಯ ಕೂಲರಿನ ಫ್ಯಾನನ್ನು ತಂತಿಯ ಕ್ಲಿಪ್ ಎಳೆದು ಕ್ಷಣದಲ್ಲಿ ಬಿಡಿಸಬಹುದು, ಮೆತ್ತನೆಯ ಬ್ರಷ್ ಆಡಿಸಿದರೆ ಶುಚಿಯಾಗುತ್ತದೆ. ಫ್ಯಾನ್ ಕೆಟ್ಟರೆ ಬೇರೊಂದು 120 ಮಿ.ಮೀ. ಫ್ಯಾನ್ ತಂದು ಹಾಕಿದರಾಯಿತು. ಪಂಪು ಕೆಟ್ಟರೆ ಇಡೀ ಕೂಲರೇ ಹೋದಂತೆ; ಮಂಗಳೂರಿಗೆ ಒಯ್ದು ಕೊಟ್ಟರೂ ವಾರಂಟಿಯಲ್ಲಿ ಬದಲಿ ಬರುವವರೆಗೆ ಕಂಪ್ಯೂಟರ್ ಸುಮ್ಮನೆ ಕೂರಬೇಕಾಗುತ್ತದೆ. ಮುಚ್ಚಿದ ಕೊಳವೆಗಳಿಂದಲೂ ದ್ರವ ವರ್ಷಗಳಲ್ಲಿ ಅತಿ ನಿಧಾನವಾಗಿ ಆವಿಯಾಗಿ ಹೋಗುತ್ತದೆಂಬುದನ್ನೂ ಮರೆಯಬಾರದು.

ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆಂದು ನೋಡಬೇಕು. ನೊಕ್ಟುವಾ ಎನ್‌ಎಚ್-ಡಿ15 ಎಂಬ ಎರಡು ಗೋಪುರದ ಗಾಳಿಯ ಕೂಲರಿನ ಎತ್ತರ 165 ಮಿ.ಮೀ., ಫ್ಯಾನ್ ಸಹಿತ ತೂಕ 1,320 ಗ್ರಾಂ. ಮುಂದಿನ ಫ್ಯಾನ್ ರ‍್ಯಾಮ್‌ನ ಮೇಲೆ ಬರುವುದರಿಂದ ಎತ್ತರದ ರ‍್ಯಾಮ್ ಇದ್ದರೆ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಎತ್ತರ ಇನ್ನಷ್ಟು ಹೆಚ್ಚುತ್ತದೆ. ಅಗಲ ಕಡಿಮೆಯಿರುವ ಕ್ಯಾಬಿನೆಟ್ಟಿನಲ್ಲಿ ಗೋಪುರ ಹಿಡಿಸದೇ ಹೋದರೆ ಅಲ್ಲಿಯೂ ನೀರಿನ ಕೂಲರಿಗೆ ಅರ್ಥವಿದೆ.

ನೀರಿನದ್ದನ್ನೇ ಆರಿಸಿದವರು ರೇಡಿಯೇಟರನ್ನು ಮೇಲ್ಭಾಗದಲ್ಲಿ ಕೂರಿಸುವುದು ಉತ್ತಮ. ಇಡೀ ವ್ಯವಸ್ಥೆಯಲ್ಲಿ ಪಂಪೇ ಎತ್ತರದ ಜಾಗದಲ್ಲಿದ್ದರೆ ಗಾಳಿಯ ಗುಳ್ಳೆಗಳು ಅಲ್ಲಿಗೆ ಸೇರಿ ಸದ್ದೂ ಸವೆತವೂ ಹೆಚ್ಚುತ್ತವೆ.

ಯಾವುದನ್ನು ಕೂರಿಸುವಾಗಲೂ ತಳದ ಪ್ಲಾಸ್ಟಿಕ್ ಹಾಳೆಯನ್ನು ಸುಲಿದು, ಪ್ರೊಸೆಸರಿನಿಂದ ಕೂಲರಿಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟನ್ನು ಬಟಾಣಿ ಗಾತ್ರದಷ್ಟು ಪ್ರೊಸೆಸರಿನ ಮೇಲೆ ಇಟ್ಟು, ಸ್ಕ್ರೂಗಳನ್ನು ಕರ್ಣಕ್ಕೆ ಕರ್ಣವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಭಾರದ ಗೋಪುರವಿರುವ ಕಂಪ್ಯೂಟರನ್ನು ನಮ್ಮ ಘಾಟಿ ರಸ್ತೆಗಳಲ್ಲಿ ಸಾಗಿಸುವಾಗ ಮದರ್‌ಬೋರ್ಡ್ ಅಡಿಗೆ ಬರುವಂತೆ ಕ್ಯಾಬಿನೆಟ್ಟನ್ನು ಮಲಗಿಸಿಯೇ ಒಯ್ಯಬೇಕು. ಕೂರಿಸಿದ ಮೇಲಿನ ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡದೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ ಮಾಡಿರಿ. ಪೂರ್ಣ ಹೊರೆಯಲ್ಲಿ 85 ಡಿಗ್ರಿಯೊಳಗೆ ನಿಂತರೆ ಆ ಕೂಲರ್ ನಿಮ್ಮ ಕೋಣೆಗೆ ಸಾಕು. ದಾಟಿದರೆ ಹೊಸ ಕೂಲರಿಗೆ ಹಣ ಹಾಕುವ ಮೊದಲು ಮುಂಭಾಗದಲ್ಲಿ ಗಾಳಿ ಒಳಗೆಳೆಯುವ ಫ್ಯಾನೊಂದನ್ನು ಸೇರಿಸಿ ಮತ್ತೊಮ್ಮೆ ಅಳೆಯಿರಿ.