ಗುಡ್ಡದ ಸೀತಾಫಲ, ಕೈಯಲ್ಲಿ ಬ್ರಷ್: ಬಾದಾಮಿ ಕಡೆಯ ನನ್ನ ಅನುಭವ

ಹೋದ ದಸರಾ-ದೀಪಾವಳಿ ನಡುವೆ ಒಂದು ಎಕರೆಯಿಂದ ಹೆಚ್ಚುಕಡಿಮೆ ಎರಡು ಟನ್ ಸೀತಾಫಲ ಇಳಿಸಿದೆ. ಅದರ ಹಿಂದಿನ ವರ್ಷ ಇವೇ 160 ಗಿಡಗಳಿಂದ ಮೂರು ಕ್ವಿಂಟಲ್ ಕೂಡ ಬಂದಿರಲಿಲ್ಲ. ನೆಲ ಅದೇ ಮಸಾರಿ (ಕೆಂಪು ಮಣ್ಣು), ಬೋರ್ ನೀರು ಅಷ್ಟೇ. ಬದಲಾದದ್ದು ಚಾಟ್ನಿ, ಅಂದರೆ ಕೊಂಬೆ ಕತ್ತರಿಸುವ ಕೆಲಸ, ಮಾಡುವ ತಿಂಗಳು, ಆಮೇಲೆ ಹೂವಿಗೆ ಕೈಯಿಂದ ಪರಾಗ ಹಚ್ಚಿದ್ದು.

ನಮ್ಮ ಗುಡ್ಡದ ತುಂಬ ಸೀತಾಫಲ ತಾನಾಗೇ ಬೆಳೆಯುತ್ತದೆ. ಎಲೆಗೆ ಆಡು ಬಾಯಿ ಹಾಕುವುದಿಲ್ಲ, ಬೀಜ ವಿಷ. ಅದಕ್ಕೇ ಉಳಿದಿದೆ. ಆದರೆ ಅದು ಇಲ್ಲಿನ ಗಿಡ ಅಲ್ಲ. ಹೆಸರು ಸೀತೆಯದು, ತವರು ಅಮೆರಿಕ ಖಂಡದ ಬಿಸಿ ಸೀಮೆ, ವೆಸ್ಟ್ ಇಂಡೀಸ್ ಕಡೆ. ರಾಮಫಲ, ಲಕ್ಷ್ಮಣಫಲವೂ ಅಲ್ಲಿಯವೇ. ಪೋರ್ಚುಗೀಸರ ಹಡಗಿನಲ್ಲಿ ಬಂತು ಅಂತ ಬಹಳ ಜನ ಒಪ್ಪುತ್ತಾರೆ. ಎರಡು ಸಾವಿರ ವರ್ಷ ಹಳೆಯ ಭಾರ್ಹುತ್ ಬೌದ್ಧ ಸ್ತೂಪದ ಶಿಲ್ಪದಲ್ಲೇ ಈ ಹಣ್ಣಿದೆ ಅಂತ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಂ ಹೇಳಿದ್ದರಿಂದ ವಾದ ಮಾತ್ರ ಮುಗಿದಿಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ. ಹಸಿ ಗಾಳಿ ಬೇಡುವ ಹೂವಿಗೆ ನಮ್ಮ ಏಪ್ರಿಲ್‌ನ 40 ಡಿಗ್ರಿ ಒಣ ಬಿಸಿಲು ಹೇಗೆ ಒಗ್ಗಬೇಕು?

ಐದು ವರ್ಷ ಗುಡ್ಡ ಅಲೆದು ಹಣ್ಣು ತಿಂದು ನೋಡಿದೆ. ಸಿಪ್ಪೆಯ ಮೇಲಿನ ಕಣ್ಣು ಅಗಲ, ಬೀಜ ಕಡಿಮೆ ಇರುವ ಒಂದು ಗಿಡ ಸಿಕ್ಕಿತು. ಅದರ ಕಡ್ಡಿಯಿಂದಲೇ ಎಲ್ಲ ಕಸಿ. ಆ ಗಿಡ ಎಲ್ಲಿದೆ ಅಂತ ಮನೆಯವರಿಗೂ ಹೇಳಿಲ್ಲ.

ಮೊದಲ ಎರಡು ವರ್ಷ ಎಲ್ಲರಂತೆ ಫೆಬ್ರವರಿಯಲ್ಲಿ ಚಾಟ್ನಿ ಮಾಡಿದೆ. ಹೂ ಸುರಿಯುವಷ್ಟು ಬಂತು, ಹಾಗೇ ಒಣಗಿ ಬಿತ್ತು. ನಿಂತ ಕಾಯಿ ಒಂದು ಮಗ್ಗಲು ಉಬ್ಬಿ, ಇನ್ನೊಂದು ಮಗ್ಗಲು ಸೊಟ್ಟ. ಪರಾಗ ತಾಗದ ಕಣ್ಣು ಬೆಳೆಯುವುದೇ ಇಲ್ಲ, ಅಲ್ವಾ. ಕೆಜಿಗೆ 25 ರೂಪಾಯಿ ಕೊಟ್ಟರು. ಯಾರೋ ಹೇಳಿದರು ಅಂತ ಜಿಬ್ಬರೆಲಿಕ್ ಅನ್ನುವ ಬೆಳವಣಿಗೆಯ ಹಾರ್ಮೋನ್ ಹೊಡೆದೆ. ಬೀಜ ಇಲ್ಲದ ಕಾಯಿ ಕಚ್ಚಿತು, ನಿಂಬೆಕಾಯಿಗಿಂತ ದೊಡ್ಡದಾಗಲಿಲ್ಲ. ಆರೇಳು ಸಾವಿರ ಸುಮ್ನೆ ಹೋಯಿತು.

ಈ ಸಲ ಚಾಟ್ನಿ ಏಪ್ರಿಲ್ ಕೊನೆಗೆ ಹಾಕಿದೆ. ಹೂ ಬರುವ ಹೊತ್ತಿಗೆ ಜೂನ್ ಮಳೆ ಹನಿದಿತ್ತು. ಬ್ರಷ್ ಹಿಡಿದದ್ದು ನೋಡಿ ಪಕ್ಕದ ಹೊಲದ ಕಾಕಾ, "ಹೂವಿನ ಲಗ್ನ ಮಾಡಾಕ ಹೊಂಟೀಯೇನೋ ತಮ್ಮಾ? ಕೂಲಿ ಯಾರ ಕೊಡ್ತಾರ?" ಅಂದರು.

ಈ ಹೂ ಮೊದಲು ಹೆಣ್ಣು, ಆಮೇಲೆ ಗಂಡು. ಮೂರು ದಪ್ಪ ಎಸಳು ತುಸುವೇ ಬಿರಿದಾಗ ಬೆರಳಿಂದ ಅಗಲಿಸಿ ನೋಡಬೇಕು. ನಡುವಿನ ತುದಿ, ಅಂದರೆ ಹೆಣ್ಣು ಭಾಗ, ಅಂಟಂಟಾಗಿ ಹೊಳೆಯುತ್ತದೆ. ಅದರ ಬುಡದ ಗಂಡು ಭಾಗ, ಕೇಸರ, ಆಗ ಬೆಳ್ಳಗೆ, ಬಿಗಿಯಾಗಿರುತ್ತದೆ. ಅದು ಪರಾಗದ ಪುಡಿ ಬಿಡುವ ಹೊತ್ತಿಗೆ ನಡುವಿನ ಹೊಳಪು ಹೋಗಿರುತ್ತದೆ. ಇವೆರಡನ್ನೂ ಕೂಡಿಸುವುದು ಸಣ್ಣ ದುಂಬಿಗಳ ಕೆಲಸ. ನಮ್ಮಲ್ಲಿ ಅವು ಸಾಲುತ್ತಿಲ್ಲ.

ಮಧ್ಯಾಹ್ನ ಅಗಲ ಬಿರಿಯಲಿರುವ ಹೂ ಕಿತ್ತು ಇಟ್ಟರೆ ಬೆಳಗ್ಗೆ ಕೇಸರ ಬೂದಿ ಬಣ್ಣಕ್ಕೆ ತಿರುಗಿ ಉದುರುತ್ತದೆ. ಮೊದಲ ವಾರ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೆಡಿಸಿದೆ. ಬೆವರಿ ಮುದ್ದೆಯಾಯಿತು. ಈಗ ಕಾಗದದ ಪೊಟ್ಟಣ. ಆರರಿಂದ ಒಂಬತ್ತರೊಳಗೆ ಹಚ್ಚಿ ಮುಗಿಸಬೇಕು. ಹತ್ತಕ್ಕೆ ಹಚ್ಚಿದ್ದು ಒಂದೂ ನಿಲ್ಲಲಿಲ್ಲ. ಪುಡಿ ಜಾಸ್ತಿ ಬರಲಿ ಅಂತ ಒಂದು ವಸ್ತು ಬೆರೆಸುತ್ತೇನೆ. ಅದು ಇನ್ನೊಂದು ವರ್ಷ ನನ್ನ ಹತ್ತಿರವೇ ಇರಲಿ.

ಮೂವರು ಹೆಣ್ಣಾಳು, ಬೆಳಗಿನ ಪಾಳಿಗೆ 150 ರೂಪಾಯಿ, ಸುಮಾರು 40 ದಿನ. ಕೂಲಿಯೇ 18 ಸಾವಿರ. ಒಬ್ಬರು ಬೆಳಗ್ಗೆ 150 ಹೂ ಮುಟ್ಟುತ್ತಾರೆ. ನಾಲ್ಕೇ ದಿನದಲ್ಲಿ ಒಬ್ಬ ಅಕ್ಕ ನನಗಿಂತ ಚೆನ್ನಾಗಿ ಗುರುತು ಹಿಡಿದರು: "ಯಣ್ಣಾ, ಇದರ ಬಾಯಿ ಆರೇತಿ, ಬಿಡ್ರಿ." ಅವರು ಮುಟ್ಟಿದ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಚ್ಚಿತು.

ಹಟಕ್ಕೆ ಬಿದ್ದು ಎರಡು ಗಿಡಕ್ಕೆ ರಾಮಫಲದ ಪರಾಗ ಹಚ್ಚಿ ನೋಡಿದೆ. ಕಾಯಿ ನಿಲ್ಲಲಿಲ್ಲ. 1908ರಲ್ಲಿ ಫ್ಲೋರಿಡಾದಲ್ಲಿ ಇದೇ ಬಳಗದ ಹನುಮಾನ್‌ಫಲದ (ಚೆರಿಮೋಯ) ಜೊತೆ ಸೀತಾಫಲ ಕೂಡಿಸಿ ಹೊಸ ತಳಿಯೇ ಮಾಡಿದ್ದರಲ್ಲ, ಆ ಆಸೆ ನನಗಿನ್ನೂ ಹೋಗಿಲ್ಲ.

ಹಣ್ಣು 250 ಗ್ರಾಂ ಆಸುಪಾಸು, ಸುತ್ತ ದುಂಡಗೆ. ಕೆಜಿಗೆ 60 ಸಿಕ್ಕಿತು, ಹಬ್ಬದ ವಾರ 70. ಹಿಟ್ಟುತಿಗಣೆ ಮತ್ತು ಮಂಗಗಳ ಪಾಲು ಕಳೆದು 1 ಲಕ್ಷ 20 ಸಾವಿರದ ಹತ್ತಿರ ಬಂತು. ಕಾಕಾ ಮೊನ್ನೆ ಬಂದು ತಮ್ಮ ಬದುವಿನ ಹನ್ನೆರಡು ಗಿಡಕ್ಕೆ ಕಡ್ಡಿ ಕೇಳಿದರು. ಕೊಟ್ಟೆ.