ಚಿನ್ನ ಬಳಿದ ಬುದ್ಧನಿಗೆ ಹುಣಸೆಹುಳಿ ತಾಗಿಸಬೇಡಿ

ಮಂಗೋಲಿಯಾದ ಉಲಾನ್‌ಬಾತರ್‌ಗೆ ಹೋಗಿದ್ದ ಭಾವ ಬೌದ್ಧರ ದೇವಿ ತಾರೆಯ ಗೇಣುದ್ದದ, ಚಿನ್ನ ಬಳಿದ ವಿಗ್ರಹ ತಂದುಕೊಟ್ಟಿದ್ದರು. ತುಳುವರ ಆಟಿ ತಿಂಗಳ ಮಳೆಗೆ ಅದು ಮಂಕಾಯಿತು. ಮಂಗಳೂರಿನ ಮನೆಗಳಲ್ಲಿ ದೀಪ ಉಜ್ಜುವ ಹಾಗೆ ಹುಣಸೆಹುಳಿ, ಉಪ್ಪು ಹಾಕಿ ಬೆನ್ನಿಗೆ ಎರಡು ಸಲ ಉಜ್ಜಿದೆ. ಚಿನ್ನ ಹೋಗಿ ಕೆಂಪು ತಾಮ್ರ ಇಣುಕಿತು!

ನಾವು ಹಿತ್ತಾಳೆ ಅಂದುಕೊಳ್ಳುತ್ತೇವೆ, ಅದೇ ತಪ್ಪು. ಮಂಗೋಲಿಯಾದ ಈ ಕಲೆಯಲ್ಲಿ ದೊಡ್ಡ ಹೆಸರು ಜಾನಬಜಾರ್ (1635–1723). ಅವರು ಶಿಲ್ಪಿಯೂ ಹೌದು, ಅಲ್ಲಿನ ಬೌದ್ಧರ ಪರಮಗುರುವೂ ಹೌದು. ಹಳೆಯ ಪದ್ಧತಿಯಲ್ಲಿ ಮೇಣದ ಅಚ್ಚಿನಿಂದ ಎರಕ ಹೊಯ್ದು, ಪಾದರಸದಲ್ಲಿ ಬೆರೆಸಿದ ಚಿನ್ನವನ್ನು ಮೈಗೆಲ್ಲ ಬಳಿದು ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನದ ತೆಳು ಪದರ ಮಾತ್ರ ಉಳಿಯುತ್ತದೆ. ಆ ಹೊಗೆ ವಿಷ, ಹಾಗಾಗಿ ಉದುರಿದ ಕಡೆ ಮನೆಯಲ್ಲೇ ಮತ್ತೆ ಬಳಿಯುವ ಯೋಚನೆ ಬೇಡವೇ ಬೇಡ.

ಸ್ವಚ್ಛ ಮಾಡುವುದು ಸುಲಭ. ಒಣಗಿದ ಮೆತ್ತನೆಯ ಬ್ರಷ್ ತಗೊಳ್ಳಿ, ಬಣ್ಣ ಹಚ್ಚುವ ಅಗ್ಗದ ಬ್ರಷ್ ಸಾಕು. ಮೇಲಿನಿಂದ ಕೆಳಗೆ ಧೂಳು ಕೊಡವಿ, ಒತ್ತಬೇಡಿ. ಮುಖಕ್ಕೆ ನೀರು ಸೋಕಿಸಬೇಡಿ. ಎಷ್ಟೋ ವಿಗ್ರಹಗಳಲ್ಲಿ ಮುಖಕ್ಕೆ ಬೇರೆಯೇ ಚಿನ್ನದ ಬಣ್ಣ, ಕೂದಲಿಗೆ ನೀಲಿ ಹಚ್ಚಿರುತ್ತಾರೆ, ಒದ್ದೆ ಬಟ್ಟೆಗೆ ಅದು ಎದ್ದು ಬಂದುಬಿಡಬಹುದು. ಬ್ರಾಸೋ ಅಂತೂ ಡಬ್ಬದಲ್ಲೇ ಇರಲಿ.

ಈಗ ನಮ್ಮ ನಿಜವಾದ ಶತ್ರು, ಕಡಲ ಉಪ್ಪುಗಾಳಿ. ತಾಮ್ರ ಇರುವ ಲೋಹಕ್ಕೆ ಉಪ್ಪೂ ತೇವವೂ ಒಟ್ಟಿಗೆ ತಾಗಿದರೆ ಕಿಲುಬು ಹಿಡಿಯುತ್ತದೆ. ಗಟ್ಟಿಯಾಗಿ, ನಯವಾಗಿ ಹಸಿರಿದ್ದರೆ ಪರವಾಗಿಲ್ಲ. ತಿಳಿಹಸಿರು ಪುಡಿಯಂತೆ ಉದುರುತ್ತಿದ್ದರೆ ಅದು ಹರಡುತ್ತಲೇ ಇರುವ ರೋಗ, ಕೆರೆದು ತೆಗೆದರೂ ಮತ್ತೆ ಬರುತ್ತದೆ. ಅಂಥದ್ದಕ್ಕೆ ಲೋಹದ ಸಂರಕ್ಷಣೆ ಗೊತ್ತಿರುವವರೇ ಬೇಕು. ಅಲ್ಲಿಯವರೆಗೆ ಗಾಳಿ ಹೋಗದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಜೆಲ್ ಆಗಾಗ ಬದಲಿಸಿ. ನನ್ನದು ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಕಿಟಕಿಯಿಂದ ಬಹಳ ದೂರ.

ಪೀಠದ ತಳವನ್ನು ತಗಡಿನಿಂದ ಮುಚ್ಚಿದ್ದರೆ, ಎರಡು ವಜ್ರಾಯುಧಗಳು ಅಡ್ಡಹಾಯ್ದ ಗುರುತು ಕೊರೆದಿದ್ದರೆ, ಬಿಚ್ಚಬೇಡಿ. ಒಳಗೆ ಮಂತ್ರ ಬರೆದ ಸುರುಳಿ ತುಂಬಿ ಪ್ರಾಣಪ್ರತಿಷ್ಠೆ ಮಾಡಿರುತ್ತಾರೆ. ಕುತೂಹಲ ಆಗುತ್ತದೆ, ನನಗೂ ಆಗಿತ್ತು. ಆದರೆ ಬಿಚ್ಚಿದ ತಗಡನ್ನು ಮೊದಲಿನಂತೆ ಕೂರಿಸುವುದು ನಮ್ಮ ಕೈಯಲ್ಲಾಗುವ ಕೆಲಸ ಅಲ್ಲ.

ನಿಜವಾಗಿಯೂ ನೂರು ವರ್ಷ ದಾಟಿದ ವಿಗ್ರಹ ಅನಿಸಿದರೆ ಬ್ರಷ್ ಕೂಡ ಕೆಳಗಿಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೋಂದಣಿ ಬೇಕೇ ಅಂತ ಮೊದಲು ವಿಚಾರಿಸಿ.