ಮಿಡಿ ಭರಣಿಯಿಂದ ಅಜ್ಜಿ ಮಾತಾಡಲಿ: ಆಗ್ಮೆಂಟೆಡ್ ರಿಯಾಲಿಟಿಯ ಒಂದು ಮನೆಪಾಠ

ಫೋನಿನ ಕ್ಯಾಮೆರಾ ಹಿಡಿದೊಡನೆ ಅಪ್ಪೆಮಿಡಿ ಭರಣಿಯ ಮೇಲೆ ಅಜ್ಜಿ ಮೂಡಿ ಉಪ್ಪು, ಸಾಸಿವೆಯ ಅಳತೆ ಹೇಳುವಂತೆ ಮಾಡುವ ಆಗ್ಮೆಂಟೆಡ್ ರಿಯಾಲಿಟಿ (ಕ್ಯಾಮೆರಾ ಕಂಡದ್ದರ ಮೇಲೆ ಚಿತ್ರ, ದನಿ ಕೂಡಿಸುವ ತಂತ್ರ) ಕಷ್ಟವಲ್ಲ. ಸಾಗರ, ಶಿವಮೊಗ್ಗಗಳಲ್ಲಿ ಇದನ್ನು ಕಲಿಸುವಾಗ ನಾನು ಕಂಡಂತೆ, ಹೆಚ್ಚಿನವರು ಎಡವುವುದು ಕೋಡ್ ಬರೆಯುವಾಗ ಅಲ್ಲ, ಫೋನು ಗುರುತಿಸಬೇಕಾದ ಚಿತ್ರವನ್ನು ಆರಿಸುವಾಗ.

ಮೊದಲು ಅಜ್ಜಿಯ ಮಾತನ್ನು ಒಂದು ನಿಮಿಷ ಮೀರದಂತೆ ವಿಡಿಯೊ ಮಾಡಿಕೊಳ್ಳಿ.

ಭರಣಿಯ ಫೋಟೊವನ್ನೇ ಗುರುತಿನ ಚಿತ್ರವಾಗಿಸಬೇಡಿ. ಅದರ ಮೈ ಉರುಟು, ಮೇಲೆ ಹೊಳಪು ಬೇರೆ. ನೀವು ಒಂದು ಹೆಜ್ಜೆ ಸರಿದರೆ ಹೊಳಪೂ ಸರಿದು ಫೋನಿಗೆ ಗುರುತು ತಪ್ಪುತ್ತದೆ. ಹಸೆ ಚಿತ್ತಾರ ಅಂಟಿಸುವ ಆಸೆ ನಮ್ಮ ಕಡೆಯವರಿಗೆ ಸಹಜ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಕಣ್ಣಿಗೆ ಎದ್ದು ಕಾಣುತ್ತದೆ, ನಿಜ. ಆದರೆ ತಂತ್ರಾಂಶ ಹುಡುಕುವುದು ಒಂದರಂತೆ ಇನ್ನೊಂದಿಲ್ಲದ ಮೂಲೆ, ತಿರುವುಗಳನ್ನು. ಚಿತ್ತಾರದಲ್ಲಿ ಅದೇ ಎಳೆ ಮತ್ತೆ ಮತ್ತೆ ಬರುವುದರಿಂದ ಎಡ ಯಾವುದು, ಬಲ ಯಾವುದು ಎಂದು ತಿಳಿಯದೆ ವಿಡಿಯೊ ನಡುಗುತ್ತದೆ, ಇಲ್ಲವೇ ಮೂಡುವುದೇ ಇಲ್ಲ. ನನ್ನ ಆಯ್ಕೆ ಅಜ್ಜಿಯ ಕೈಬರಹ. ‘ಜೀರಿಗೆ ಮಿಡಿ, ರಿಪ್ಪನ್‌ಪೇಟೆ ಸಂತೆಯದ್ದು’ ಎಂದು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪಗೆ ಬರೆಸಿ. ಓರೆಯಾದ ಒತ್ತಕ್ಷರ, ಶಾಯಿ ಹರಡಿದ ಕೊಂಬು, ಎಲ್ಲವೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಚೀಟಿಯನ್ನು ನೇರ ಮೇಲಿನಿಂದ ಫೋಟೊ ತೆಗೆದು, ಮೇಜಿನ ಅಂಚು ಉಳಿಯದಂತೆ ಕತ್ತರಿಸಿ, ಮುದ್ರಿಸಿ, ರಟ್ಟಿಗೆ ಅಂಟಿಸಿ ಭರಣಿಯ ಕುತ್ತಿಗೆಗೆ ದಾರದಿಂದ ಕಟ್ಟಿ. ಎಣ್ಣೆ ತಾಗೀತೆಂದು ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಅದೇ ಹೊಳಪು ಕಾಡುತ್ತದೆ. ಹಾಳಾದರೆ ಇನ್ನೊಂದು ಪ್ರತಿ ಮುದ್ರಿಸಿದರಾಯಿತು.

ಅದೇ ಫೋಟೊವನ್ನು, ಬ್ರೌಸರಿನಲ್ಲೇ ಚಿತ್ರ ಗುರುತಿಸುವ ಉಚಿತ ತಂತ್ರಾಂಶವಾದ ಮೈಂಡ್‌ಎಆರ್‌ನ ಕಂಪೈಲರ್‌ಗೆ (ಚಿತ್ರವನ್ನು ಗುರುತಿನ ಕಡತವಾಗಿಸುವ ಸಾಧನ) ಹಾಕಿದರೆ ಅದು ಗುರುತಿಸಿದ ಬಿಂದುಗಳು ತೆರೆಯ ಮೇಲೆ ಕಾಣುತ್ತವೆ. ಅವು ಚೀಟಿಯ ತುಂಬ ಹರಡಿರಬೇಕು. ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಮತ್ತೆ ಬರೆಸಿ.

ಕಂಪೈಲರ್ ಕೊಟ್ಟ ಕಡತವನ್ನೂ ಅಜ್ಜಿಯ ವಿಡಿಯೊವನ್ನೂ ಎ-ಫ್ರೇಮ್ (ಇಂಥ ದೃಶ್ಯಗಳನ್ನು ಕಟ್ಟುವ ವೆಬ್ ಸಾಧನ) ಬಳಸಿದ ಪುಟದಲ್ಲಿ ಜೋಡಿಸಿ, ಗಿಟ್‌ಹಬ್ ಪೇಜಸ್‌ನಂಥ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ತಾಣಕ್ಕೆ ಏರಿಸಿ. ಸುರಕ್ಷಿತವಲ್ಲದ ತಾಣಕ್ಕೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ. ಬೆರಳು ತಾಗದ ಹೊರತು ಬ್ರೌಸರ್‌ಗಳು ಸಾಮಾನ್ಯವಾಗಿ ದನಿಯನ್ನೂ ಬಿಡುವುದಿಲ್ಲವಾದ್ದರಿಂದ ‘ಅಜ್ಜಿಯನ್ನು ಕರೆಯಿರಿ’ ಎಂಬ ಗುಂಡಿಯೊಂದಿರಲಿ. ಪುಟದ ಕ್ಯೂಆರ್ ಕೋಡನ್ನು ರಟ್ಟಿನ ಹಿಂಬದಿಗೆ ಅಂಟಿಸಿ.

ಸಿದ್ಧ ವೇದಿಕೆಗಳ ಸುಲಭದಾರಿಯನ್ನು ನಾನು ಒಪ್ಪುವುದಿಲ್ಲ. ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯ ಇಂಥ ವೇದಿಕೆ ಮೆಟಾ ಸ್ಪಾರ್ಕ್ 2025ರ ಜನವರಿ 14ರಂದು ಮುಚ್ಚಿದಾಗ ಹೊರಗಿನವರು ಅದರಲ್ಲಿ ಮಾಡಿದ್ದ ಎಫೆಕ್ಟ್‌ಗಳೂ ಹೋದವು. ಅಜ್ಜಿಯ ದನಿಯ ಕಡತ ನಿಮ್ಮ ಕೈಯಲ್ಲೇ ಇರಬೇಕು.

ಕೊನೆಗೆ, ಹಗಲಿನ ಜಗಲಿಯಲ್ಲಿ ಅಲ್ಲ, ಭರಣಿ ಇರುವ ಉಗ್ರಾಣದಲ್ಲೇ, ಮಳೆಗಾಲದ ಸಂಜೆ ಪರೀಕ್ಷಿಸಿ. ಅಜ್ಜಿ ಮೂಡದಿದ್ದರೆ ಬಲ್ಬನ್ನು ಪಕ್ಕಕ್ಕೆ ಸರಿಸಿ, ಭರಣಿಯನ್ನು ಮಾತ್ರ ಅಲುಗಿಸಬೇಡಿ.